ದುಡಿಮೆಯ ಸ್ಥಳದಲ್ಲಿ ಜೀವಭಯ

ಹೊಟ್ಟೆಯ ಪಾಡಿಗಾಗಿ ಬೆಳಿಗ್ಗೆ ಮನೆ ಬಿಟ್ಟವನು ದುಡಿದು ಕ್ಷೇಮವಾಗಿ ಹಿಂದಿರುಗಬೇಕೆಂಬುದು ಸುವ್ಯವಸ್ಥಿತವಾದ ಯಾವ ರಾಜ್ಯದಲ್ಲಿಯೂ ಪ್ರಜೆಯ ಮೊದಲನೆಯ ಹಕ್ಕು. ಪ್ರಾಣವನ್ನುಳಿಸುವುದಕ್ಕೆಂದೇ ಕಟ್ಟಿದ ನಮ್ಮ ಆಸ್ಪತ್ರೆಗಳಲ್ಲಿಯೇ ಈ ಹಕ್ಕು ಮತ್ತೆ ಮತ್ತೆ ಭಂಗಗೊಳ್ಳುತ್ತಿರುವುದು ಅತ್ಯಂತ ಶೋಚನೀಯವಾದ ಸಂಗತಿಯಾಗಿದೆ. ಒಂದೊಂದು ಅನಾಹುತ ನಡೆದಾಗಲೂ ಖಂಡನೆಯ ಸಭೆಗಳು ಸೇರುತ್ತವೆ, ಹೊಸ ಕಾನೂನಿನ ಕೂಗು ಏಳುತ್ತದೆ, ಮೂರು ತಿಂಗಳಲ್ಲಿ ಎಲ್ಲವೂ ತಣ್ಣಗಾಗುತ್ತದೆ. ಆದರೆ ಇಂಥ ಹಲ್ಲೆಗಳಿಗೆ ಬಹುಮಟ್ಟಿಗೆ ಮುನ್ಸೂಚನೆಯಿರುತ್ತದೆ, ಅದಕ್ಕೆ ಕಿವಿಗೊಟ್ಟು ಮುಂಚಿತವಾಗಿ ಏರ್ಪಾಡು ಮಾಡುವುದೇ ನಿಜವಾದ ರಕ್ಷಣೆ ಎಂಬುದು ನಮ್ಮ ಅಭಿಪ್ರಾಯ.

ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಎಂಬ ತರುಣಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದಳು. 1973ನೆಯ ಇಸವಿ ನವೆಂಬರ್ 27ರಂದು, ಕೆಲಸ ಮುಗಿಸಿ ನೆಲಮಾಳಿಗೆಯಲ್ಲಿ ಉಡುಪು ಬದಲಿಸುತ್ತಿದ್ದಾಗ, ಅದೇ ಆಸ್ಪತ್ರೆಯ ಕಸಗುಡಿಸುವ ನೌಕರನು ನಾಯಿಯ ಸರಪಳಿಯಿಂದ ಆಕೆಯ ಕೊರಳು ಬಿಗಿದು ಅತ್ಯಾಚಾರವೆಸಗಿದನು. ಮಿದುಳು ಕೆಟ್ಟ ಆಕೆಯನ್ನು ಆ ಆಸ್ಪತ್ರೆಯ ದಾದಿಯರೇ 2015ನೆಯ ಮೇ 18ರಂದು ಆಕೆ ಕಣ್ಮುಚ್ಚುವವರೆಗೆ, ನಾಲ್ವತ್ತೊಂದು ವರುಷಗಳಿಗೂ ಮೇಲ್ಪಟ್ಟು, ಸಾಕಿದರು. ಅಪರಾಧಿಗೆ ಆದ ಶಿಕ್ಷೆ ಏಳು ವರುಷ. ಅವರಿಬ್ಬರೊಳಗೆ ಮೊದಲೇ ಮನಸ್ತಾಪವಿದ್ದಿತೆಂದೂ, ಆಕೆ ಅವನ ತಪ್ಪುಗಳನ್ನು ಖಂಡಿಸಿದ್ದಳೆಂದೂ ಅನಂತರ ಬೆಳಕಿಗೆ ಬಂದಿತು. ಉಡುಪು ಬದಲಿಸಲು ಒಂದು ಭದ್ರವಾದ ಕೋಣೆಯಿದ್ದಿದ್ದರೆ?

2023ನೆಯ ಮೇ 10ರ ನಸುಕಿನಲ್ಲಿ ಕೇರಳದ ಕೊಟ್ಟಾರಕ್ಕರದ ತಾಲ್ಲೂಕು ಆಸ್ಪತ್ರೆಗೆ ಪೊಲೀಸರೇ ಕರೆತಂದ ಗಾಯಾಳುವೊಬ್ಬನು, ಅಲ್ಲಿಯೇ ದೊರೆತ ಕತ್ತರಿಯಿಂದ ತರುಣ ವೈದ್ಯೆಯೊಬ್ಬಳನ್ನು ತಿವಿದು ಕೊಂದನು. ವೈದ್ಯರ ರಕ್ಷಣೆಗೆಂದು ಆ ರಾಜ್ಯದಲ್ಲಿ 2012ರಲ್ಲಿಯೇ ಕಾಯಿದೆಯಾಗಿದ್ದಿತು. ಕತ್ತರಿಯನ್ನು ಅವನ ಕೈಗೆಟುಕದಂತಿಡುವ ಪದ್ಧತಿ ಮಾತ್ರ ಇರಲಿಲ್ಲ. ಇನ್ನು 2024ನೆಯ ಆಗಸ್ಟ್ 9ರಂದು ಕಲ್ಕತ್ತೆಯ ಆರ್.ಜಿ. ಕರ್ ಆಸ್ಪತ್ರೆಯಲ್ಲಿ, ದೀರ್ಘ ಪಾಳಿಯ ನಡುವೆ ವಿಶ್ರಾಂತಿಗೆಂದು ಉಪನ್ಯಾಸದ ಕೋಣೆಯಲ್ಲಿ ಮಲಗಿದ್ದ ವೈದ್ಯೆಯ ಮಾನಪ್ರಾಣಗಳೆರಡನ್ನೂ ಹರಣ ಮಾಡಿದವನು ಪೊಲೀಸರ ನೆರವಿಗೆ ನೇಮಕವಾದ ಸ್ವಯಂಸೇವಕ. ಬೇಲಿಯೇ ಎದ್ದು ಹೊಲ ಮೇಯ್ದಿತು. 2025ರ ಜನವರಿಯಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ಒಂದೆಡೆ ಸಹನೌಕರ, ಇನ್ನೊಂದೆಡೆ ರೋಗಿ, ಮತ್ತೊಂದೆಡೆ ಯಾರ ತಡೆಯೂ ಇಲ್ಲದೆ ಒಳಹೊಕ್ಕವನು. ಹಲ್ಲೆಕೋರರು ಬೇರೆ ಬೇರೆಯಾದರೂ ಮೂರು ಕಡೆಗಳಲ್ಲಿಯೂ ಸಂಸ್ಥೆಯ ಉಪೇಕ್ಷೆ ಒಂದೇ ಬಗೆಯದು. ನಮ್ಮ ಕರ್ನಾಟಕದಲ್ಲಿ 2009ರಿಂದಲೂ ವೈದ್ಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ನಿಷೇಧಿಸುವ ಕಾಯಿದೆಯಿದೆ. ಕಲ್ಕತ್ತೆಯ ಘಟನೆಯ ತರುವಾಯ, ಹಲ್ಲೆ ನಡೆದ ಆರು ಗಂಟೆಗಳೊಳಗೆ ಸಂಸ್ಥೆಯ ಮುಖ್ಯಸ್ಥರೇ ಪೊಲೀಸರಲ್ಲಿ ದೂರು ದಾಖಲಿಸತಕ್ಕದ್ದೆಂದು ಕೇಂದ್ರದ ಆರೋಗ್ಯ ಇಲಾಖೆಯವರು ಆಜ್ಞಾಪಿಸಿದರು. ಇವೆಲ್ಲ ಅಗತ್ಯವೇ ಸರಿ. ಆದರೆ ಶಿಕ್ಷೆಯನ್ನಷ್ಟೇ ನೆಚ್ಚಿ ಕುಳಿತರೆ ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಗುವುದಿಲ್ಲವೆ?

ಆಸ್ಪತ್ರೆಯಲ್ಲಾಗಲಿ ಕಚೇರಿಯಲ್ಲಾಗಲಿ ದುಡಿಯುವವರು ತಾವೂ ಕೆಲವು ಎಚ್ಚರಗಳನ್ನು ವಹಿಸಬೇಕು. ಎದುರಿನವನ ದನಿ ಏರುವುದು, ಮುಷ್ಟಿ ಬಿಗಿಯುವುದು, ಅವನು ನಿಂತಲ್ಲಿ ನಿಲ್ಲದೆ ಅತ್ತಿಂದಿತ್ತ ತಿರುಗುವುದು, ಇವು ಸಿಟ್ಟು ಕೈಗೆ ಇಳಿಯುವ ಲಕ್ಷಣಗಳು. ಆಗ ಕೆಣಕದೆ, ಮುಟ್ಟದೆ, ತೋಳಳತೆಗೆ ಆಚೆ ನಿಂತು ಮೆಲುದನಿಯಲ್ಲಿ ಮಾತಾಡಿ, ಇನ್ನೊಬ್ಬರನ್ನು ಕರೆಯಬೇಕು; ಆಗದಿದ್ದರೆ ಕೋಣೆ ಬಿಟ್ಟು ಹೊರಡಬೇಕು, ಅದರಲ್ಲಿ ಅಪಮಾನವೇನೂ ಇಲ್ಲ. ಬಾಗಿಲಿನ ದಾರಿಗೆ ತಡೆಯಾಗದಂತೆ ಆಸನವನ್ನು ಹಾಕಿಕೊಳ್ಳಬೇಕು. ಯಾರು ಬೆದರಿಕೆ ಹಾಕಿದರೂ ಅಂದೇ ತಾರೀಖು ಸಹಿತ ಬರೆದು ಮೇಲಧಿಕಾರಿಗೆ ಕೊಟ್ಟು, ಮುಟ್ಟಿದ್ದಕ್ಕೆ ಸಹಿ ಪಡೆಯಬೇಕು. ಲೈಂಗಿಕ ಕಿರುಕುಳಕ್ಕೆ ಗುರಿಯಾದ ಸ್ತ್ರೀಯರು 2013ರ ಕಾಯಿದೆಯನ್ವಯ ಮೂರು ತಿಂಗಳೊಳಗೆ ದೂರು ಕೊಡಬಹುದು. ಹತ್ತು ಜನರಿಗೆ ಕಡಮೆಯಿಲ್ಲದೆ ದುಡಿಯುವ ಪ್ರತಿಯೊಂದು ಸಂಸ್ಥೆಯಲ್ಲಿಯೂ ಅದಕ್ಕಾಗಿ ಆಂತರಿಕ ಸಮಿತಿಯಿರತಕ್ಕದ್ದು. ಇಲ್ಲದ ಕಡೆ ಜಿಲ್ಲೆಯ ಸ್ಥಳೀಯ ಸಮಿತಿಯಿದೆ. ಪ್ರಾಣಕ್ಕೆ ಕುತ್ತು ಬಂದಾಗ ಅಗತ್ಯಕ್ಕೆ ಮೀರದಷ್ಟು ಬಲವನ್ನು ಪ್ರಯೋಗಿಸಿ ತನ್ನನ್ನು ಕಾಪಾಡಿಕೊಳ್ಳುವ ಹಕ್ಕನ್ನು, 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಮಾನ್ಯ ಮಾಡಿದೆ.

ರೋಗಿಯ ಬಂಧುಗಳ ಸಂಕಟವೂ ಸುಳ್ಳಲ್ಲವೆಂದು ಕೆಲವರು ವಾದಿಸಬಹುದು. ನಾವೂ ಅದನ್ನು ಒಪ್ಪುತ್ತೇವೆ. ಗಂಟೆಗಟ್ಟಲೆ ಕಾದರೂ ಒಂದು ಮಾತು ಹೇಳುವವರಿಲ್ಲದಾಗ ದುಃಖವು ಕ್ರೋಧವಾಗಿ ತಿರುಗುತ್ತದೆ. ಆದಕಾರಣ ಬಂದವರಿಗೆ ಸಮಾಧಾನ ಹೇಳಲು ಒಬ್ಬ ತಿಳಿವಳಿಕೆಯುಳ್ಳ ನೌಕರನನ್ನು ನಿಲ್ಲಿಸುವುದೂ ರಕ್ಷಣೆಯ ಏರ್ಪಾಡೇ. ಆದರೆ ಎಂಥ ಸಂಕಟವೂ ಕೈಯೆತ್ತಲು ಪರವಾನಗಿಯಾಗಲಾರದು.

ಅಧಿಕಾರದ ಸ್ಥಾನಗಳಲ್ಲಿರುವ ನಮ್ಮ ವಾಚಕರಲ್ಲಿ ನಮ್ಮ ಕೋರಿಕೆ ಇಷ್ಟೆ. ಈ ವಾರದಲ್ಲಿ ಒಂದು ರಾತ್ರಿ ತಮ್ಮ ಸಂಸ್ಥೆಯನ್ನು ಸುತ್ತಿ ಬರಲಿ. ದೀಪವಿಲ್ಲದ ಮೂಲೆ ಯಾವುದು, ಅಗಳಿಯಿಲ್ಲದ ಬಾಗಿಲು ಯಾವುದು, ಒಂಟಿಯಾಗಿ ದುಡಿಯುವವರು ಯಾರು, ಯಾರ ಬೆದರಿಕೆಯ ಅರ್ಜಿ ಕಡತದಲ್ಲಿ ಧೂಳು ಹಿಡಿದಿದೆ ಎಂಬುದನ್ನು ಕಣ್ಣಾರೆ ಕಾಣಲಿ. ಇದಕ್ಕೆ ಹೊಸ ಕಾಯಿದೆಯೂ ಬೇಡ, ದಿಲ್ಲಿಯ ಅಪ್ಪಣೆಯೂ ಬೇಡ.