ರುಚಿಗೆ ಅಂಕಿಯೇ, ಮಾತೇ?

ದ್ರಾಕ್ಷಾಮದ್ಯದ ವಿಮರ್ಶಕರೊಬ್ಬರ ಬರಹವನ್ನು ಕನ್ನಡ ಶಾಲೆಯ ಉಪಾಧ್ಯಾಯರು ಮೆಚ್ಚಿ ಬರೆಯುವುದೇ ಎಂದು ಕೆಲವರು ಹುಬ್ಬು ಗಂಟಿಕ್ಕಿಯಾರು. ಅವರ ಕೋಪ ನಿಷ್ಕಾರಣವಾದುದಲ್ಲ. ನಮ್ಮದೇ ರಾಜ್ಯದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಅಕ್ಷರ ಕಲಿಯಲು ಕುಳಿತ ಹೆಂಗಸರು ಪಾಠದಲ್ಲಿ ಸಾರಾಯಿಯ ಕಥೆಯನ್ನೋದಿ ಎದ್ದು ನಿಂತರು. ಆ ಚಳವಳಿಯ ಫಲವಾಗಿ 1993ರಲ್ಲಿ ಸಾರಾಯಿ ನಿಷೇಧವಾಯಿತು. ಕುಡಿತದಿಂದ ಹಾಳಾದ ಮನೆಗಳ ಮಕ್ಕಳು ನಮ್ಮ ತರಗತಿಗಳಲ್ಲಿಯೂ ಕುಳಿತಿದ್ದಾರೆ. ನಾವು ಕುಡಿಯುವವರಲ್ಲ, ಕುಡಿಯಿರೆಂದು ಯಾರಿಗೂ ಹೇಳುವವರೂ ಅಲ್ಲ. ನಮ್ಮ ಮೆಚ್ಚಿಕೆ ಬಟ್ಟಲಿಗಲ್ಲ, ಲೇಖನಿಗೆ.

1939ರಲ್ಲಿ ಹುಟ್ಟಿದ ಇಂಗ್ಲೆಂಡಿನ ಹ್ಯೂ ಜಾನ್ಸನ್ ಅವರು ದ್ರಾಕ್ಷಾಮದ್ಯವನ್ನು ಕುರಿತ ತಮ್ಮ ಮೊದಲ ಗ್ರಂಥವನ್ನು 1966ರಲ್ಲಿಯೂ, ಜಗತ್ತಿನ ದ್ರಾಕ್ಷಾಮದ್ಯಗಳ ಭೂಪಟ ಸಂಪುಟವನ್ನು 1971ರಲ್ಲಿಯೂ ಹೊರತಂದರು. ಭೂಪಟವೆಂದೊಡನೆ ಉಪಾಧ್ಯಾಯರ ಕಿವಿ ನೆಟ್ಟಗಾಗಬೇಕಷ್ಟೆ! ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ ಒಂದೇ ಗುಡ್ಡದ ನಡು ಇಳಿಜಾರಿನ ತೋಟಕ್ಕೆ ಹಿರಿಮೆ; ಅದರ ಬುಡದ ತೋಟ ಸಾಮಾನ್ಯವಾದುದು. ನಡುವೆ ಇರುವುದು ಕೆಲವೊಮ್ಮೆ ಒಂದು ಕಾಲುದಾರಿ ಮಾತ್ರ. ಬೋರ್ಡೊ ಸೀಮೆಯ ಮೆಡಾಕಿನಲ್ಲಿ ನೀರು ನಿಲ್ಲದ ಗರಸು ನೆಲವೇ ಬಳ್ಳಿಯ ಭಾಗ್ಯ. ನೆಲದಿಂದ ಹಿಡಿದು ನಾಲಗೆಯವರೆಗೆ ರುಚಿಯ ಕಾರಣವನ್ನು ಅರಸುತ್ತ ಹೋಗುವುದೇ ಈ ಹಿರಿಯರ ವಿಮರ್ಶೆಯ ಸೊಗಸು. ಎರೆ ಹೊಲಕ್ಕೂ ಮಸಾರಿ ಹೊಲಕ್ಕೂ ಭೇದವನ್ನು ಬಲ್ಲ ರಾಯದುರ್ಗದ ರೈತನಿಗೆ ಈ ಸಂಗತಿ ಹೊಸದಲ್ಲ. ಆದರೆ ಅವನ ತಿಳಿವನ್ನು ಬರೆದಿಟ್ಟವರು ನಮ್ಮಲ್ಲಿ ಎಷ್ಟು ಮಂದಿ?

ಇದಕ್ಕೆ ವಿರುದ್ಧವಾದ ದಾರಿಯೊಂದುಂಟು. ಅಮೆರಿಕದ ರಾಬರ್ಟ್ ಪಾರ್ಕರ್ ಅವರು 1978ರಲ್ಲಿ ಪತ್ರಿಕೆಯೊಂದನ್ನು ಹೊರಡಿಸಿ, ಮದ್ಯಕ್ಕೆ ನೂರಕ್ಕೆ ಇಷ್ಟೆಂದು ಅಂಕ ಕೊಡುವ ಕ್ರಮವನ್ನು ಬಳಕೆಗೆ ತಂದರು. ಆ ಏಣಿಯ ಕೆಳಗಿನ ಮೆಟ್ಟಿಲೇ 50! ತರಗತಿಗೆ ಬಂದು ಕುಳಿತ ಮಾತ್ರಕ್ಕೆ ಅರ್ಧ ಅಂಕ ಕೊಡುವ ಪರೀಕ್ಷಕರನ್ನು ನಾವಂತೂ ಕಂಡಿಲ್ಲ. ಪಾರ್ಕರರೂ ಅಂಕದ ಜೊತೆಗೆ ಮಾತನ್ನು ಬರೆದವರೇ. ವರ್ತಕರು ಮಾತನ್ನು ಕೈಬಿಟ್ಟು ಅಂಕಿಯನ್ನು ಅಂಗಡಿಯಲ್ಲಿ ತೂಗುಹಾಕಿದರು, ಬೆಲೆಯೂ ಅದರ ಹಿಂದೆಯೇ ಏರಿತು. ಜಾನ್ಸನ್ನರು ಈ ಕ್ರಮವನ್ನು ಒಪ್ಪಲಿಲ್ಲ. (ತಮ್ಮ ಕಿರುಹೊತ್ತಗೆಯಲ್ಲಿ ಅವರೂ ಒಂದರಿಂದ ನಾಲ್ಕು ನಕ್ಷತ್ರಗಳನ್ನು ಹಚ್ಚಿದ್ದಾರೆ, ಅಷ್ಟು ದೋಷ ಅವರಿಗೂ ಅಂಟಿದೆ.)

ಎಳೆಯ ಕೆಂಪು ದ್ರಾಕ್ಷಾಮದ್ಯದಲ್ಲಿ ಹಣ್ಣಿನ ಸಿಪ್ಪೆ ಬೀಜಗಳಿಂದ ಇಳಿದ ಸತ್ತ್ವವೊಂದು ನಾಲಗೆಯನ್ನು ಬಿಗಿಹಿಡಿಯುತ್ತದೆ, ವರ್ಷಗಳುರುಳಿದಂತೆ ಮೃದುವಾಗುತ್ತದೆ. ಅದನ್ನು ಹೆಸರಿಸಲು ಪಾಶ್ಚಾತ್ಯರು ತೊಗಲು ಹದಮಾಡುವವರ ಕಸುಬಿನಿಂದ ಪದವನ್ನು ಎರವಲು ತರಬೇಕಾಯಿತು. ನಮ್ಮ ಮಗು ನೇರಳೆಹಣ್ಣನ್ನು ಕಚ್ಚಿದೊಡನೆ 'ಒಗರು' ಎನ್ನುತ್ತದೆ. ಪಕ್ಕದ ಬೀದಿಯ ತೆಲುಗು ಮಗು 'ವಗರು' ಎನ್ನುತ್ತದೆ. ಗಡಿ ಎಳೆದವರ ಕೈಗೆ ಆ ಪದ ಸಿಕ್ಕಲಿಲ್ಲ. ಒಗರು, ಕನರು, ಘಾಟು, ಕಮಟು: ಇಷ್ಟು ಮಾತುಗಳನ್ನು ಮನೆಯಿಂದಲೇ ಹೊತ್ತು ತರುವ ಮಗು ಪ್ರಬಂಧದಲ್ಲಿ ಬರೆಯುವುದು ಮಾತ್ರ 'ಹಣ್ಣು ಬಹಳ ರುಚಿಯಾಗಿರುತ್ತದೆ' ಎಂಬ ಒಂದೇ ವಾಕ್ಯ. ಕೆಂಪು ಶಾಯಿಯಲ್ಲಿ ಹತ್ತಕ್ಕೆ ಎಂಟು ಬೀಳುತ್ತದೆ. ಮಗುವಿಗೂ ಸಮಾಧಾನ, ಪಾಲಕರಿಗೂ ಸಮಾಧಾನ. ಪದಗಳು ಮಾತ್ರ ಒಂದೊಂದಾಗಿ ಸಾಯುತ್ತಿವೆ.

ಇದು ದೂರದೇಶದ ವಿಚಾರವೆಂದು ತಳ್ಳಿಹಾಕುವಂತಿಲ್ಲ. ಮಡಕಶಿರದಿಂದ ಹೊರಟು ಹಿಂದೂಪುರ, ಗೌರಿಬಿದನೂರುಗಳನ್ನು ದಾಟಿ ದೊಡ್ಡಬಳ್ಳಾಪುರದ ಕಡೆಗೆ ನಡೆದರೆ ನಂದಿಬೆಟ್ಟದ ತಪ್ಪಲಲ್ಲಿ ಫ್ರಾನ್ಸಿನ ತಳಿಯ ಬಳ್ಳಿಗಳು ಬೇರೂರಿ ಮೂರು ದಶಕಗಳೇ ಕಳೆದುವು. ಅವುಗಳ ರಸದ ಗುಣದೋಷಗಳನ್ನು ಆಂಗ್ಲದಲ್ಲಿ ಬರೆದವರುಂಟು. ಹಿಂದೂಪುರದ ಮಂಡಿಯ ಹುಣಸೆಗೋ ದರದ ಅಂಕಿಯೊಂದೇ ಗತಿ! ಯಾವ ಊರಿನ ಮರದ ಹುಳಿ ಹಲ್ಲು ಚುಳುಕೆನ್ನಿಸುವುದು, ಯಾವುದರಲ್ಲಿ ಸಿಹಿ ಬೆರೆತಿರುವುದು, ಹಳೆಯ ಹುಣಸೆ ಕಪ್ಪಾದಂತೆ ಸಾರಿನ ಗುಣ ಹೇಗೆ ತಿರುಗುವುದು ಎಂಬುದನ್ನು ನಮ್ಮ ತಾಯಂದಿರೆಲ್ಲ ಬಲ್ಲರು. ಅವರ ಬಳಿ ಕುಳಿತು ಕೇಳಿದ ಕನ್ನಡ ಉಪಾಧ್ಯಾಯರಿದ್ದರೆ ಮುಂದೆ ಬರಲಿ.

ರಾಯದುರ್ಗ ಅನಂತಪುರ ಜಿಲ್ಲೆಯಲ್ಲಿಯೇ ಉಳಿದು, ಮಡಕಶಿರ 2022ರಲ್ಲಿ ಬೇರೆ ಜಿಲ್ಲೆಗೆ ಸೇರಿತು. ಎರಡೂ ಕಡೆಯ ಗುರುಬಂಧುಗಳಲ್ಲಿ ನಮ್ಮ ಬಿನ್ನಹವಿದು: ಹುಣಸೆಯನ್ನೋ ನೇರಳೆಯನ್ನೋ ಹಸಿ ಕಡಲೆಕಾಯಿಯನ್ನೋ ಕುರಿತು ಮಕ್ಕಳಿಂದ ಹತ್ತು ಸಾಲು ಬರೆಯಿಸಿ ಈ ಪತ್ರಿಕೆಗೆ ಕಳುಹಿಸಿರಿ. 'ರುಚಿ' ಎಂಬ ಪದ ಅದರಲ್ಲಿ ಎಲ್ಲಿಯೂ ಬರಕೂಡದು. ಅಂಕ ಹಾಕಿ ಕಳುಹಿಸಿದ ಬರಹವನ್ನು ಸ್ಟೆನ್ಸಿಲ್ ಹಾಳೆಗೆ ಏರಿಸಲಾಗುವುದಿಲ್ಲ.