ಹೆಸರು ತೆಗೆದರೆ ಸಾಲದು: ರೋಣ, ನರಗುಂದದಂಥ ಊರುಗಳಲ್ಲಿ ರೋಗಿಯ ಗುಟ್ಟು ಯಾರ ಕೈಲಿದೆ?

2020ರಲ್ಲಿ ರಾಜ್ಯ ಆರೋಗ್ಯ ಇಲಾಖೆ ದಿನಾ ಹೊರಡಿಸುತ್ತಿದ್ದ ಕೋವಿಡ್ ಬುಲೆಟಿನ್ ನೆನಪಿದೆಯಾ? ಅದರಲ್ಲಿ ಸೋಂಕಿತರ ಹೆಸರು ಇರುತ್ತಿರಲಿಲ್ಲ. ಒಂದು 'ಪಿ' ನಂಬರ್, ವಯಸ್ಸು, ಗಂಡೋ ಹೆಣ್ಣೋ, ಯಾವ ಜಿಲ್ಲೆ, ಎಲ್ಲಿಂದ ಬಂದವರು ಅಥವಾ ಯಾರ ಸಂಪರ್ಕ, ಇಷ್ಟೇ. ಅದೇ ಮಾರ್ಚ್‌ನಲ್ಲಿ ಸರ್ಕಾರ ಹೋಂ ಕ್ವಾರಂಟೈನ್‌ನಲ್ಲಿದ್ದವರ ಮನೆ ವಿಳಾಸಗಳ ಪಟ್ಟಿಯನ್ನೇ ಪ್ರಕಟಿಸಿತು. ಆಗ ಗದ್ದಲ ಆಗಿದ್ದು ವಿಳಾಸದ ಪಟ್ಟಿಯ ಬಗ್ಗೆ. 'ಪಿ' ನಂಬರಿನ ಬಗ್ಗೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಹೆಸರು ಇಲ್ಲವಲ್ಲ, ಇನ್ನೇನು ಸಮಸ್ಯೆ ಅಂತ.

ಸಮಸ್ಯೆ ಇದೆ, ಮತ್ತು ಊರು ಚಿಕ್ಕದಾದಷ್ಟೂ ಅದು ದೊಡ್ಡದಾಗುತ್ತದೆ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತೆಗೆದುಕೊಳ್ಳಿ. 2011ರ ಜನಗಣತಿಯಲ್ಲಿ ಈ ಮೂರರಲ್ಲಿ ಒಂದು ಪಟ್ಟಣವೂ 40 ಸಾವಿರ ದಾಟಿರಲಿಲ್ಲ. ಸುತ್ತಲ ಹಳ್ಳಿಗಳು ಇನ್ನೂ ಸಣ್ಣವು. ಒಂದು ಲೆಕ್ಕ ಹಾಕೋಣ. 3,000 ಜನರ ಹಳ್ಳಿ ಅಂತ ಇಟ್ಟುಕೊಳ್ಳಿ. ಅರ್ಧ ಹೆಂಗಸರು, ಅಂದರೆ 1,500. ಅವರನ್ನು ಹುಟ್ಟಿನಿಂದ 75 ವರ್ಷದವರೆಗೆ ಸರಾಸರಿ ಹಂಚಿದರೆ ಒಂದು ವಯಸ್ಸಿಗೆ 20 ಜನ. '34 ವರ್ಷದ ಮಹಿಳೆ' ಅಂದ ಕೂಡಲೇ 2,980 ಜನ ಪಟ್ಟಿಯಿಂದ ಹೊರಗೆ. 'ಗೋವಾಕ್ಕೆ ದುಡಿಯೋಕೆ ಹೋಗಿ ಬಂದವರು' ಅಂತ ಒಂದು ಸಾಲು ಸೇರಿಸಿ. ಉಳಿಯೋದು ಒಬ್ಬರೋ ಇಬ್ಬರೋ. ಇದಕ್ಕೆ ಹ್ಯಾಕರ್ ಬೇಕಿಲ್ಲ, ಚಹಾದಂಗಡಿಯ ಕಟ್ಟೆ ಸಾಕು.

ಇದನ್ನು ಅಮೆರಿಕದಲ್ಲಿ ಒಬ್ಬ ವಿದ್ಯಾರ್ಥಿನಿ 1990ರ ದಶಕದಲ್ಲೇ ತೋರಿಸಿದ್ದರು. ಮ್ಯಾಸಚೂಸೆಟ್ಸ್ ರಾಜ್ಯ ತನ್ನ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟಿತ್ತು. ಲಟಾನ್ಯ ಸ್ವೀನಿ 20 ಡಾಲರ್ ಕೊಟ್ಟು ಕೇಂಬ್ರಿಜ್ ಊರಿನ ಮತದಾರರ ಪಟ್ಟಿ ಕೊಂಡರು. ಹುಟ್ಟಿದ ದಿನ, ಲಿಂಗ, ಪಿನ್‌ಕೋಡ್ ಈ ಮೂರನ್ನು ಹೊಂದಿಸಿ ನೋಡಿದಾಗ ಆಗಿನ ಗವರ್ನರ್ ವಿಲಿಯಂ ವೆಲ್ಡ್ ಅವರ ಆರೋಗ್ಯ ದಾಖಲೆಯೇ ಸಿಕ್ಕಿಬಿಟ್ಟಿತು. ಅಲ್ಲಿ ಕಂಪ್ಯೂಟರ್ ಮಾಡಿದ ಕೆಲಸವನ್ನು ನಮ್ಮ ಕಡೆ ಊರಿನ ನೆನಪೇ ಮಾಡುತ್ತದೆ.

ಹಾಗಾಗಿ 'ಪ್ರೈವಸಿ ಎಲ್ಲಾ ಬೆಂಗಳೂರಿನವರ ಚಿಂತೆ' ಅನ್ನೋ ಮಾತು ಉಲ್ಟಾ. ಬೆಂಗಳೂರಿನ ಆಸ್ಪತ್ರೆಯಲ್ಲಿ ನಿಮ್ಮ ಪಕ್ಕ ಕೂತವರು ಯಾರೋ ಏನೋ. ತಾಲೂಕು ಊರಲ್ಲಿ ಪಕ್ಕ ಕೂತವರು ಸೋದರತ್ತೆಯ ಬೀಗರು. ಕೌಂಟರ್‌ನಲ್ಲಿ ಎಲ್ಲರೆದುರು 'ಏನಾಗೇತ್ರಿ?' ಅಂತ ಕೇಳೋದು, ಹೊರರೋಗಿ ರಿಜಿಸ್ಟರ್ ಮೇಜಿನ ಮೇಲೆ ತೆರೆದೇ ಇರೋದು, ಲ್ಯಾಬ್ ರಿಪೋರ್ಟ್ ಯಾರ ಕೈಗೋ ಕೊಟ್ಟು ಕಳಿಸೋದು, ಎಕ್ಸ್‌ರೇ ಫೋಟೋ ವಾಟ್ಸಾಪ್‌ನಲ್ಲಿ ಓಡಾಡೋದು. ಇವೆಲ್ಲ ಯಾರದೋ ದುರುದ್ದೇಶದಿಂದ ಆಗುವುದಲ್ಲ, ಅಭ್ಯಾಸದಿಂದ ಆಗುವುದು. ಆದರೆ ಬೆಲೆ ತೆರುವವರು ಬೇರೆ: ಎಚ್‌ಐವಿ ಟೆಸ್ಟ್ ಮಾಡಿಸಬೇಕಾದವರು, ಕ್ಷಯದ ಮಾತ್ರೆ ನುಂಗುವವರು, ಮಾನಸಿಕ ಚಿಕಿತ್ಸೆ ಬೇಕಾದ ಹುಡುಗ, ಗರ್ಭಪಾತಕ್ಕೆ ಬಂದ ಹೆಂಗಸು. ಇವರ ಮುಂದೆ ಎರಡೇ ದಾರಿ. ಯಾರೂ ಗುರುತಿಸದ ಗದಗಿಗೋ ಹುಬ್ಬಳ್ಳಿಗೋ ಬಸ್ ಹತ್ತುವುದು, ಇಲ್ಲಾ ಸುಮ್ಮನಿದ್ದುಬಿಡುವುದು. ದಿನದ ಕೂಲಿ ಬಿಡಲಾಗದವರು ಎರಡನೆಯದನ್ನೇ ಆರಿಸಿಕೊಳ್ಳುತ್ತಾರೆ. ಗುಟ್ಟು ಉಳಿಯುವ ನಂಬಿಕೆ ಇಲ್ಲದ ಕಡೆ ಕಾಯಿಲೆ ಮನೆಯಲ್ಲೇ ಬೆಳೆಯುತ್ತದೆ.

ಕಾನೂನು ಇಲ್ಲವೇ? ಬೇಕಾದಷ್ಟಿದೆ. ರೋಗಿಯ ಗುಟ್ಟು ಹೊರಹಾಕಬಾರದು ಅಂತ ವೈದ್ಯರ ವೃತ್ತಿ ನೀತಿಯ 2002ರ ನಿಯಮಾವಳಿಯೇ ಹೇಳುತ್ತದೆ. ರೋಗಿ ಕೇಳಿದರೆ 72 ಗಂಟೆಯೊಳಗೆ ಅವರ ದಾಖಲೆ ಕೊಡಬೇಕು ಅಂತಲೂ ಅದರಲ್ಲೇ ಇದೆ. ಎಚ್‌ಐವಿ ಬಗ್ಗೆ 2017ರ ಪ್ರತ್ಯೇಕ ಕಾಯ್ದೆ ಇದೆ. ಮಾನಸಿಕ ಆರೋಗ್ಯಕ್ಕೂ ಅದೇ ವರ್ಷದ ಕಾಯ್ದೆ ಇದೆ. ಗರ್ಭಪಾತ ಮಾಡಿಸಿಕೊಂಡವರ ಗುರುತು ಬಯಲು ಮಾಡಬಾರದು ಅಂತ 2021ರ ತಿದ್ದುಪಡಿ ಹೇಳುತ್ತದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಸಾರಿದ ಕೇಸಿನ ಅರ್ಜಿದಾರರು ಯಾರು? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅಂದರೆ ಈ ಹಕ್ಕಿನ ಹೋರಾಟಕ್ಕೆ ನಮ್ಮ ನೆಲದ ನಂಟೂ ಇದೆ.

ಈಗ ಎಲ್ಲರ ಬಾಯಲ್ಲಿರೋದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ. 2025ರ ನವೆಂಬರ್‌ನಲ್ಲಿ ಇದರ ನಿಯಮಗಳು ಹೊರಬಂದವು. ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಗಡುವು, ಅಂದರೆ 2027ರ ಮೇ ಹೊತ್ತಿಗೆ. ದಂಡ 250 ಕೋಟಿ ರೂಪಾಯಿವರೆಗೂ ಇದೆ. ಕೇಳೋಕೆ ಭರ್ಜರಿ. ಆದರೆ ಗಜೇಂದ್ರಗಡದ ಕ್ಲಿನಿಕ್‌ನ ಕೌಂಟರ್ ಹತ್ತಿರ ನಿಂತು ಓದಿದರೆ ಮೂರು ತೂತು ಕಾಣುತ್ತವೆ.

ಒಂದು: ಹೆಸರೇ ಹೇಳುವಂತೆ ಇದು ಡಿಜಿಟಲ್ ಮಾಹಿತಿಯ ಕಾನೂನು. ಕಾಗದದಲ್ಲಿ ಬರೆದು ಕಾಗದದಲ್ಲೇ ಉಳಿಯುವ ಮಾಹಿತಿ ಇದರ ವ್ಯಾಪ್ತಿಗೆ ಬರಲ್ಲ. ಮೇಜಿನ ಮೇಲೆ ತೆರೆದಿಟ್ಟ ರಿಜಿಸ್ಟರ್ ಹೊರಗೇ ಉಳಿಯಿತು.

ಎರಡು: ಐಟಿ ಕಾಯ್ದೆಯ ಅಡಿ 2011ರ ನಿಯಮಗಳು ಆರೋಗ್ಯ ಮಾಹಿತಿಯನ್ನು 'ಸೂಕ್ಷ್ಮ' ಅಂತ ಬೇರೆಯಾಗಿ ಗುರುತಿಸಿದ್ದವು. ಸೋರಿಕೆಯಿಂದ ನಷ್ಟ ಆದವರಿಗೆ ಪರಿಹಾರ ಕೇಳುವ ಅವಕಾಶವೂ ಇತ್ತು. ಹೊಸ ಕಾಯ್ದೆಯಲ್ಲಿ ಆ ವಿಶೇಷ ವರ್ಗವೇ ಇಲ್ಲ. ಶೂಸ್ ಅಂಗಡಿಗೆ ಕೊಟ್ಟ ಫೋನ್ ನಂಬರೂ, ಎಚ್‌ಐವಿ ರಿಪೋರ್ಟೂ ಒಂದೇ ಹೆಸರಿನಡಿ ಬರುತ್ತವೆ. ದಂಡದ ದುಡ್ಡು ಸರ್ಕಾರದ ಖಜಾನೆಗೆ ಹೋಗುತ್ತದೆ, ಮಾನ ಹೋದವರಿಗೆ ಒಂದು ಪೈಸೆಯೂ ಇಲ್ಲ.

ಮೂರು: ಸವಲತ್ತು, ಸೇವೆ ಕೊಡುವ ಹೆಸರಲ್ಲಿ ಹೊಸದಾಗಿ ಒಪ್ಪಿಗೆ ಕೇಳದೆಯೂ ಮಾಹಿತಿ ಬಳಸಲು ಸರ್ಕಾರಕ್ಕೆ ಬಾಗಿಲು ತೆರೆದಿದೆ. ಈ ತಾಲೂಕುಗಳಲ್ಲಿ ಬಡವರ ಆರೋಗ್ಯ ಮಾಹಿತಿ ಹೆಚ್ಚಾಗಿ ಇರುವುದೇ ಸರ್ಕಾರದ ಬಳಿ. ತಾಯಿ ಕಾರ್ಡ್ ಇರಲಿ, ಮನೆ ಮನೆಗೆ ಹೋಗಿ ಬಿಪಿ, ಶುಗರ್ ನೋಡುವ 'ಗೃಹ ಆರೋಗ್ಯ' ಇರಲಿ, ಮಾಹಿತಿ ಕಲೆಹಾಕುವವರು ಆಶಾ ಕಾರ್ಯಕರ್ತೆಯರು. ಮೊಬೈಲ್ ಕೆಲಸದ ಹೊರೆ ಬೇಡ ಅಂತ ಅವರು ವರ್ಷಗಳಿಂದ ಬೀದಿಗಿಳಿದು ಹೇಳುತ್ತಿದ್ದಾರೆ. ಇಡೀ ಊರಿನ ಗುಟ್ಟನ್ನು ಗೌರವಧನದ ಮೇಲೆ ದುಡಿಯುವ ಹೆಂಗಸಿನ ತಲೆಗೆ ಕಟ್ಟಿ, ನಾಳೆ ಸೋರಿದರೆ ಅವರನ್ನೇ ಹೊಣೆ ಮಾಡುವುದು ಅನ್ಯಾಯ.

ಇದಕ್ಕೆ ಎದುರು ವಾದವೂ ಇದೆ, ಅದು ಸುಳ್ಳಲ್ಲ. ನಮ್ಮ ಕಡೆ ರೋಗಿ ಒಬ್ಬರೇ ಆಸ್ಪತ್ರೆಗೆ ಬರಲ್ಲ. ಅಣ್ಣ, ಅತ್ತಿಗೆ, ಪಕ್ಕದ ಮನೆಯವರು ಜೊತೆಗಿರುತ್ತಾರೆ. ದುಡ್ಡು ಹೊಂದಿಸುವವರು, ರಾತ್ರಿ ಕಾಯುವವರು ಅವರೇ. ಎಲ್ಲವನ್ನೂ ಮುಚ್ಚಿಟ್ಟರೆ ಆರೈಕೆ ನಡೆಯಲ್ಲ. ಒಪ್ಪೋಣ. ಪ್ರಶ್ನೆ ಬರೋದು ಯಾರಿಗೆ ಹೇಳಬೇಕು ಅನ್ನೋದನ್ನು ಯಾರು ತೀರ್ಮಾನಿಸಬೇಕು ಅನ್ನುವಲ್ಲಿ. ಅಣ್ಣನಿಗೆ ಹೇಳಿ ಅಂತ ರೋಗಿ ಹೇಳಿದರೆ ಅದು ಆರೈಕೆ. ರೋಗಿಯನ್ನು ಕೇಳದೆ ಅಣ್ಣನಿಗೆ ಹೇಳಿದರೆ ಅದು ಸೋರಿಕೆ. ಮದುವೆಯಾದ ಹೆಣ್ಣುಮಕ್ಕಳ ವಿಷಯದಲ್ಲಿ ಈ ವ್ಯತ್ಯಾಸ ಬದುಕನ್ನೇ ತಿರುಗಿಸಬಹುದು.

ಹಾಗಾದರೆ ಏನು ಮಾಡೋದು? ಕೋಟಿಗಟ್ಟಲೆ ಸಾಫ್ಟ್‌ವೇರ್ ಬೇಡ. ಏನು ಕಾಯಿಲೆ ಅನ್ನೋ ಪ್ರಶ್ನೆ ಕೌಂಟರ್‌ನಲ್ಲಿ ಬೇಡ, ಡಾಕ್ಟರ ಕೋಣೆಯಲ್ಲಿ ಕೇಳಲಿ. ಹೆಸರಿನ ಬದಲು ಟೋಕನ್ ನಂಬರ್ ಕೂಗಲಿ. ರಿಜಿಸ್ಟರ್ ಬೀರುವಿನಲ್ಲಿರಲಿ, ರಿಪೋರ್ಟ್ ಮುಚ್ಚಿದ ಲಕೋಟೆಯಲ್ಲಿರಲಿ. ಆಸ್ಪತ್ರೆಯ ಕೆಲಸಕ್ಕೆ ಸಿಬ್ಬಂದಿಯ ಸ್ವಂತ ವಾಟ್ಸಾಪ್ ಬೇಡ. ಆಶಾಗಳಿಗೆ ಮೊದಲು ತರಬೇತಿ ಮತ್ತು ಸರಿಯಾದ ಸಂಬಳ, ಆಮೇಲೆ ಆ್ಯಪ್.

ಓದುಗರಾದ ನಿಮ್ಮ ಕೈಲೂ ಕೆಲಸವಿದೆ. ಆಭಾ ನಂಬರ್ ಐಚ್ಛಿಕ, ಅದಿಲ್ಲ ಅಂತ ಚಿಕಿತ್ಸೆ ನಿರಾಕರಿಸುವಂತಿಲ್ಲ. ಹೊಸ ಕಾಯ್ದೆ ಪ್ರಕಾರ ಒಪ್ಪಿಗೆಯ ನೋಟಿಸನ್ನು ಕನ್ನಡದಲ್ಲಿ ಓದುವ ಆಯ್ಕೆ ನಿಮಗಿರಬೇಕು. ಇಂಗ್ಲಿಷ್ ಫಾರ್ಮ್ ಮುಂದಿಟ್ಟು 'ಇಲ್ಲಿ ಸೈನ್ ಮಾಡ್ರಿ' ಅಂದರೆ, ಕನ್ನಡದ್ದು ಕೊಡ್ರಿ ಅಂತ ಕೇಳಿ. ಖಾಸಗಿ ಆಸ್ಪತ್ರೆಯಲ್ಲಿ ತಪ್ಪಾದರೆ ದಿಲ್ಲಿಯತ್ತ ನೋಡಬೇಕಿಲ್ಲ. ರಾಜ್ಯದ ಕೆಪಿಎಂಇ ಕಾಯ್ದೆಯಡಿ ಜಿಲ್ಲಾಧಿಕಾರಿ ನೇತೃತ್ವದ ಕುಂದುಕೊರತೆ ಪ್ರಾಧಿಕಾರ ಗದಗದಲ್ಲೇ ದೂರು ತೆಗೆದುಕೊಳ್ಳಬೇಕು.

ಈ ಮೂರು ತಾಲೂಕುಗಳಲ್ಲಿ ಚುನಾವಣೆ ಬಂದಾಗ ಆಸ್ಪತ್ರೆಗೆ ಎಷ್ಟು ಬೆಡ್ ಬಂತು, ಎಷ್ಟು ಡಾಕ್ಟರ್ ಬಂದರು ಅಂತ ಕೇಳುತ್ತೇವೆ, ಕೇಳಲೇಬೇಕು. ಅದರ ಜೊತೆ ಇನ್ನೊಂದನ್ನೂ ಕೇಳೋಣ: ಆ ಆಸ್ಪತ್ರೆಯಲ್ಲಿ ಒಬ್ಬ ಹೆಣ್ಣುಮಗಳು ತನ್ನ ಕಾಯಿಲೆಯನ್ನು ಡಾಕ್ಟರಿಗೆ ಮಾತ್ರ ಹೇಳಿ ಮನೆಗೆ ಹೋಗೋಕೆ ಆಗುತ್ತಾ?