ಎಸ್‌ಯುವಿ ತಲೆಯ ಮೇಲೆ ಎಷ್ಟು ಭಾರ ಹೊರಿಸಬಹುದು? ರೂಫ್ ಬಾಕ್ಸ್ ಕೊಳ್ಳುವ ಮುನ್ನ ಇದನ್ನು ಓದಿ

ದಸರಾ ರಜೆ, ಬೇಸಿಗೆ ರಜೆ ಹತ್ತಿರ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕಾರಿನ ವಿಡಿಯೊಗಳ ಓಡಾಟ ಜೋರಾಗುತ್ತದೆ. ಒಂದರಲ್ಲಿ ಎಸ್‌ಯುವಿ ಛಾವಣಿಯ ಮೇಲೆ ನಾಲ್ಕು ಜನ ನಿಂತಿರುತ್ತಾರೆ. ‘250 ಕೆ.ಜಿ. ತಡೆಯುವ ಛಾವಣಿಗೆ ನಿಮ್ಮ ಲಗೇಜು ಯಾವ ಲೆಕ್ಕ?’ ಎಂಬ ಒಕ್ಕಣೆ ಕೆಳಗೆ. ಇನ್ನೊಂದು ಗುಂಪಿನಲ್ಲಿ ಇದಕ್ಕೆ ತದ್ವಿರುದ್ಧ ಸಂದೇಶ: ‘ಛಾವಣಿ ಮೇಲೆ ಬಾಕ್ಸ್ ಹಾಕಿದರೆ ಸೀದಾ ದಂಡ, ವಿಮೆಯೂ ರದ್ದು.’

ಎರಡೂ ಅರ್ಧ ಸತ್ಯಗಳೇ. ಛಾವಣಿಯಿಂದ ಕಿತ್ತುಕೊಂಡ ಬಾಕ್ಸ್ ಬೀಳುವುದು ಹಿಂದೆ ಬರುತ್ತಿರುವ ಬೈಕ್ ಸವಾರನ ಮುಂದೆ. ಹಾಗಾಗಿ ಇದು ಬರೀ ನಮ್ಮ ಸಾಮಾನಿನ ಪ್ರಶ್ನೆಯಲ್ಲ. ರೂಫ್ ಬಾಕ್ಸ್ ಆರಿಸುವುದರಿಂದ ಹಿಡಿದು ಕೂರಿಸಿ, ತುಂಬಿ, ಓಡಿಸುವವರೆಗೆ ನಿಜವಾಗಿ ಏನನ್ನು ನೋಡಬೇಕು ಎಂಬುದನ್ನು ನಾವಿಲ್ಲಿ ಒಂದೊಂದಾಗಿ ಬಿಡಿಸಿ ನೋಡೋಣ.

ನಾಲ್ಕು ಜನ ನಿಂತರೂ ಏನೂ ಆಗಲಿಲ್ಲವಲ್ಲ?

ವಿಡಿಯೊ ಸುಳ್ಳಿರಬೇಕೆಂದಿಲ್ಲ. ಆದರೆ ಅದರಲ್ಲಿ ಕಾರು ನಿಂತಿದೆ. ನಿಂತ ಕಾರಿನ ಛಾವಣಿ ತಡೆಯುವ ಭಾರ ಬೇರೆ, ಓಡುವ ಕಾರಿನ ಛಾವಣಿಯ ಮೇಲೆ ಸಾಗಿಸಬಹುದಾದ ಭಾರ ಬೇರೆ. ಮೊದಲನೆಯದನ್ನು ಸ್ಟ್ಯಾಟಿಕ್ ಲೋಡ್, ಎರಡನೆಯದನ್ನು ಡೈನಾಮಿಕ್ ಲೋಡ್ ಎನ್ನುತ್ತಾರೆ. ನಿಂತ ಕಾರಿನ ಮೇಲೆ ಟೆಂಟ್ ಹಾಕಿ ಇಬ್ಬರು ಮಲಗಲು ಸಾಧ್ಯವಾಗುವುದು ಈ ವ್ಯತ್ಯಾಸದಿಂದಲೇ.

ಕಾರು ಓಡುವಾಗ ಭಾರ ಸುಮ್ಮನೆ ಕೆಳಕ್ಕೆ ಒತ್ತುವುದಿಲ್ಲ. ಬಲವಾಗಿ ಬ್ರೇಕ್ ಹಾಕಿದಾಗ ಮೇಲಿರುವ 50 ಕೆ.ಜಿ. ಸಾಮಾನು ಸುಮಾರು 35 ಕೆ.ಜಿ. ತೂಕಕ್ಕೆ ಸಮನಾದ ಬಲದಿಂದ ಮುಂದಕ್ಕೆ ನೂಕುತ್ತದೆ. ತಿರುವಿನಲ್ಲಿ ಪಕ್ಕಕ್ಕೆ ಎಳೆಯುತ್ತದೆ. ಬಣ್ಣ ಬಳಿಯದ ಹಂಪ್ ಮೇಲೆ ಹಾರಿದಾಗ ಒಮ್ಮೆ ಮೇಲಕ್ಕೆ ಜಗ್ಗಿ ಮತ್ತೆ ಕೆಳಕ್ಕೆ ಗುದ್ದುತ್ತದೆ. ಅಪಘಾತದಲ್ಲಿ ಈ ಬಲಗಳು ಇನ್ನೂ ಹಲವು ಪಟ್ಟು. ಇವನ್ನೆಲ್ಲ ತಡೆಯಬೇಕಾದದ್ದು ಛಾವಣಿಯ ತಗಡಲ್ಲ, ಬಾಕ್ಸನ್ನು ಹಿಡಿದಿರುವ ನಾಲ್ಕು ಕ್ಲ್ಯಾಂಪುಗಳು.

ಹಾಗಾಗಿ ಹೆಚ್ಚಿನ ಕಾರುಗಳ ಓಡುವ ಸ್ಥಿತಿಯ ಮಿತಿ 50ರಿಂದ 100 ಕೆ.ಜಿ. ನಡುವೆ ಇರುತ್ತದೆ. ನಿಮ್ಮ ಕಾರಿನ ಮಿತಿ ಎಷ್ಟು ಎಂಬುದನ್ನು ಹೇಳಬೇಕಾದದ್ದು ಕಾರಿನ ಜೊತೆ ಕೊಟ್ಟ ಓನರ್ಸ್ ಮ್ಯಾನ್ಯುಯಲ್. ಅದರಲ್ಲಿ ‘ರೂಫ್ ಲೋಡ್’ ಎಂಬ ಪದ ಹುಡುಕಿ. ಸಿಗದಿದ್ದರೆ ಶೋರೂಮಿನ ಸರ್ವಿಸ್ ವಿಭಾಗಕ್ಕೆ ಇಮೇಲ್ ಹಾಕಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಬಾಕ್ಸ್ ಮೇಲೆ 75 ಕೆ.ಜಿ. ಎಂದು ಬರೆದಿದೆ. ಅಷ್ಟೂ ತುಂಬಬಹುದೇ?

ಅದು ಬಾಕ್ಸಿನ ತಾಕತ್ತು, ಕಾರಿನದಲ್ಲ. ಕಾರಿನ ಮಿತಿ, ಅಡ್ಡಪಟ್ಟಿಗಳ ಮಿತಿ, ಬಾಕ್ಸಿನ ಮಿತಿ ಈ ಮೂರರಲ್ಲಿ ಯಾವುದನ್ನೂ ಮೀರುವಂತಿಲ್ಲ. ಅಲ್ಲದೆ ಕಾರಿನ ಮಿತಿಯೊಳಗೆ ಬಾಕ್ಸಿನ ತೂಕವೂ ಅಡ್ಡಪಟ್ಟಿಗಳ ತೂಕವೂ ಸೇರಿರುತ್ತವೆ.

ಒಂದು ಲೆಕ್ಕ ಹಾಕೋಣ. ಬಾಕ್ಸ್ 18 ಕೆ.ಜಿ., ಅಡ್ಡಪಟ್ಟಿಗಳು 6 ಕೆ.ಜಿ. ಎಂದಿಟ್ಟುಕೊಳ್ಳಿ, ಒಟ್ಟು 24. ಛಾವಣಿಯ ಮಿತಿ 75 ಆದರೆ ಸಾಮಾನಿಗೆ ಉಳಿಯುವುದು 51 ಕೆ.ಜಿ. ಮಿತಿ 50 ಆದರೆ ಉಳಿಯುವುದು 26 ಕೆ.ಜಿ. ಮಾತ್ರ, ಅಂದರೆ ಒಂದು ಅಕ್ಕಿ ಮೂಟೆಯಷ್ಟು! ಬಾಕ್ಸಿನ ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ‘400 ಲೀಟರ್’ ಜಾಗವನ್ನು ಹೇಳುತ್ತದೆಯೇ ಹೊರತು ಬಲವನ್ನಲ್ಲ. 400 ಲೀಟರ್ ಜಾಗಕ್ಕೆ ಅಕ್ಕಿ ತುಂಬಿದರೆ 300 ಕೆ.ಜಿ. ದಾಟುತ್ತದೆ. ರೂಫ್ ಬಾಕ್ಸ್ ಇರುವುದು ಹೊದಿಕೆ, ಜಾಕೆಟ್, ಬಟ್ಟೆ ಬ್ಯಾಗುಗಳಂಥ ದೊಡ್ಡದಾದರೂ ಹಗುರವಾದ ವಸ್ತುಗಳಿಗೆ.

ಇನ್ನೊಂದು ಮಿತಿಯೂ ಇದೆ. ಜನ, ಡಿಕ್ಕಿಯ ಸಾಮಾನು, ಛಾವಣಿಯ ಸಾಮಾನು ಎಲ್ಲ ಸೇರಿ ಕಾರಿನ ಒಟ್ಟು ತೂಕ ಕಂಪನಿ ಹೇಳಿದ ಗರಿಷ್ಠ ತೂಕವನ್ನು ದಾಟಬಾರದು. ಏಳು ಸೀಟಿನ ಗಾಡಿಯಲ್ಲಿ ಏಳೂ ಜನ ಕೂತಾಗ ಈ ಮಿತಿ ಬೇಗ ತಲುಪುತ್ತದೆ.

ರೂಫ್ ರೇಲ್ ಇದೆ, ಸಾಕಲ್ಲವೇ?

ಸಾಕಾಗದೆ ಇರಬಹುದು. ನಮ್ಮಲ್ಲಿ ಮಾರಾಟವಾಗುವ ಹಲವು ಎಸ್‌ಯುವಿಗಳ ರೇಲ್ ಬರೀ ಅಲಂಕಾರಕ್ಕೆ. ನೋಡಲು ಗಟ್ಟಿ, ಆದರೆ ಭಾರ ಹೊರಲು ಮಾಡಿದ್ದಲ್ಲ. ಭಾರ ಹೊರುವ ರೇಲ್ ಇದ್ದರೆ ಕಂಪನಿಗಳು ಸಾಮಾನ್ಯವಾಗಿ ಅದನ್ನು ಹೇಳಿಕೊಳ್ಳುತ್ತವೆ. ಉದಾಹರಣೆಗೆ ರೆನೋ ಕಂಪನಿ ಟ್ರೈಬರ್ ಮತ್ತು ಕೈಗರ್ ಕಾರುಗಳ ರೇಲ್‌ಗೆ 50 ಕೆ.ಜಿ. ಸಾಮರ್ಥ್ಯ ಎಂದು ಪ್ರಚಾರ ಮಾಡಿದೆ. ಬ್ರೋಷರ್‌ನಲ್ಲೂ ಮ್ಯಾನ್ಯುಯಲ್‌ನಲ್ಲೂ ಇಂಥ ಮಾತು ಇಲ್ಲದಿದ್ದರೆ ರೇಲನ್ನು ನಂಬಬೇಡಿ. ಪನೋರಮಿಕ್ ಸನ್‌ರೂಫ್ ಇದ್ದರೆ ಛಾವಣಿಯ ಮೇಲೆ ಭಾರ ಹಾಕಬಹುದೇ ಎಂಬುದನ್ನೂ ಮ್ಯಾನ್ಯುಯಲ್‌ನಲ್ಲೇ ನೋಡಬೇಕು.

‘ನಮ್ಮಪ್ಪ ಅಂಬಾಸಿಡರ್ ಮೇಲೆ ಇಡೀ ಮದುವೆ ಸಾಮಾನು ಹೇರಿದ್ದರು’ ಎಂಬ ಮಾತೂ ಕೇಳಿಬರುತ್ತದೆ. ಹೇರಿದ್ದಿರಬಹುದು. ಅಂಬಾಸಿಡರ್, ಸುಮೋ, ಕ್ವಾಲಿಸ್‌ಗಳ ಛಾವಣಿಯ ಅಂಚಿಗೆ ಮಳೆನೀರು ಹರಿಯುವ ಉಕ್ಕಿನ ತೋಡು ಇತ್ತು. ಕ್ಯಾರಿಯರ್‌ನ ಕಾಲುಗಳು ಅದನ್ನೇ ಕಚ್ಚಿ ಹಿಡಿಯುತ್ತಿದ್ದವು. ಇಂದಿನ ಹೆಚ್ಚಿನ ಕಾರುಗಳಲ್ಲಿ ಆ ತೋಡು ಇಲ್ಲ.

ಹಾಗೆಂದು ಗ್ಯಾರೇಜಿನಲ್ಲಿ ಛಾವಣಿಗೆ ಡ್ರಿಲ್ ಹಾಕಿಸಿ ಕಬ್ಬಿಣದ ಕ್ಯಾರಿಯರ್ ಕೂರಿಸುವುದು ಪರಿಹಾರವಲ್ಲ. ತೂತಿನಿಂದ ನೀರು ಸೋರುತ್ತದೆ, ತುಕ್ಕು ಹಿಡಿಯುತ್ತದೆ, ವಾರಂಟಿಗೂ ತಕರಾರು ಬರುತ್ತದೆ. ಅದಕ್ಕಿಂತ ಗಂಭೀರ ಸಂಗತಿಯೆಂದರೆ, ಕರ್ಟನ್ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅವು ಬಾಗಿಲ ಮೇಲ್ಭಾಗದಲ್ಲಿ, ಛಾವಣಿಯ ಅಂಚಿನ ಒಳಗೇ ಮಡಚಿಕೊಂಡಿರುತ್ತವೆ. ಡ್ರಿಲ್ ಎಲ್ಲಿ ಇಳಿಯುತ್ತದೋ ಹೇಳಲಾಗದು.

ಎಂಥ ಬಾಕ್ಸ್ ಆರಿಸಬೇಕು?

ಮೊದಲು ಟೇಪ್ ಹಿಡಿದು ಛಾವಣಿಯನ್ನು ಅಳೆಯಿರಿ. 4 ಮೀಟರ್ ಒಳಗಿನ ಎಸ್‌ಯುವಿಗಳ ಛಾವಣಿ ಗಿಡ್ಡ. ಉದ್ದನೆಯ ಬಾಕ್ಸ್ ಹಾಕಿದರೆ ಡಿಕ್ಕಿ ಬಾಗಿಲು ಮೇಲೇಳುವಾಗ ಅದಕ್ಕೆ ತಾಗುತ್ತದೆ. ಶಾರ್ಕ್ ಫಿನ್ ಆಂಟೆನಾಗೂ ಜಾಗ ಬಿಡಬೇಕು. ಅಗಲ ಯಾವ ಕಾರಣಕ್ಕೂ ಕಾರಿನ ಮೈಯನ್ನು ದಾಟಬಾರದು.

ಎರಡೂ ಬದಿಯಿಂದ ತೆರೆಯುವ ಬಾಕ್ಸ್ ಇಕ್ಕಟ್ಟಿನ ಪಾರ್ಕಿಂಗ್‌ನಲ್ಲಿ ಅನುಕೂಲ. ಬೀಗ ಸರಿಯಾಗಿ ಬಿದ್ದ ಮೇಲಷ್ಟೇ ಕೀಲಿಕೈ ಹೊರಬರುವ ವ್ಯವಸ್ಥೆ ಇದ್ದರೆ ಇನ್ನೂ ಒಳ್ಳೆಯದು. ಛಾವಣಿ ಕ್ಯಾರಿಯರ್‌ಗಳಿಗೆಂದೇ ಐಎಸ್‌ಒ 11154 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಕೊಳ್ಳುವ ಉತ್ಪನ್ನ ಅದರ ಪ್ರಕಾರ ಪರೀಕ್ಷೆಯಾಗಿದೆಯೇ ಎಂದು ಕೇಳಿ.

‘ನೂರಕ್ಕೆ ನೂರು ವಾಟರ್‌ಪ್ರೂಫ್’ ಎಂಬ ಜಾಹೀರಾತನ್ನು ಪೂರ್ತಿ ನಂಬಬೇಡಿ. ಗಟ್ಟಿ ಪ್ಲಾಸ್ಟಿಕ್ ಬಾಕ್ಸ್ ಮಳೆ ತಡೆಯುತ್ತದೆ ನಿಜ. ಆದರೆ ಆಗುಂಬೆಯ ಜಡಿಮಳೆಯಲ್ಲಿ ವೇಗವಾಗಿ ಹೋಗುವಾಗ ಗಾಳಿ ನೀರನ್ನು ಸಂದಿಯೊಳಕ್ಕೆ ನೂಕಬಹುದು. ಬಟ್ಟೆಗಳನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಇಡುವುದು ಜಾಣತನ.

ಕೂರಿಸುವಾಗ, ತುಂಬುವಾಗ

ಅಡ್ಡಪಟ್ಟಿಗಳ ನಡುವಿನ ಅಂತರ ಎಷ್ಟಿರಬೇಕೆಂದು ಬಾಕ್ಸಿನ ಕೈಪಿಡಿಯಲ್ಲಿ ಇರುತ್ತದೆ, ಅದನ್ನೇ ಪಾಲಿಸಿ. ಬಾಕ್ಸನ್ನು ಕಾರಿನ ಉದ್ದಕ್ಕೆ ನೇರವಾಗಿ ಕೂರಿಸಿ. ಸ್ಕ್ರೂಗಳನ್ನು ಕೈಬಲ ಇದ್ದಷ್ಟೂ ಬಿಗಿಯುವುದು ಒಳ್ಳೆಯದೆಂಬುದು ತಪ್ಪು ಕಲ್ಪನೆ. ಅತಿಯಾದ ಬಿಗಿತಕ್ಕೆ ಪ್ಲಾಸ್ಟಿಕ್ ಸೀಳುತ್ತದೆ, ರೇಲ್ ನೆಗ್ಗುತ್ತದೆ. ಟಾರ್ಕ್ ಕೀಲಿ ಕೊಟ್ಟಿದ್ದರೆ ಅದು ಸೂಚಿಸುವಷ್ಟೇ ಬಿಗಿಯಿರಿ. ಬಳಿಕ ಬಾಕ್ಸನ್ನು ಕೈಯಿಂದ ಅಲ್ಲಾಡಿಸಿ. ಬಾಕ್ಸ್ ಅಲುಗದೆ ಇಡೀ ಕಾರು ಅಲುಗಿದರೆ ಸರಿಯಾಗಿದೆ ಎಂದರ್ಥ. ಡಿಕ್ಕಿ ಬಾಗಿಲನ್ನು ಮೊದಲ ಸಲ ನಿಧಾನವಾಗಿ ತೆರೆದು ನೋಡಿ. ಹೊರಟ ಮೇಲೆ ಮೊದಲ 50 ಕಿ.ಮೀ.ಗೆ ಒಮ್ಮೆ ನಿಲ್ಲಿಸಿ ಎಲ್ಲ ಕ್ಲ್ಯಾಂಪುಗಳನ್ನು ಮತ್ತೆ ಪರೀಕ್ಷಿಸಿ.

ತುಂಬುವಾಗ ತುಸು ಭಾರವಾದವು ನಡುವೆ, ಎರಡು ಅಡ್ಡಪಟ್ಟಿಗಳ ಮಧ್ಯೆ ಇರಲಿ. ಹಗುರವಾದವು ತುದಿಗಳಿಗೆ. ಒಳಗಿನ ಬೆಲ್ಟುಗಳಿಂದ ಬಿಗಿಯದಿದ್ದರೆ ಸಾಮಾನು ಜಾರಿ ಮುಚ್ಚಳವನ್ನು ಗುದ್ದುತ್ತದೆ. ಗ್ಯಾಸ್ ಸಿಲಿಂಡರ್, ಪೆಟ್ರೋಲ್ ಕ್ಯಾನ್, ಪವರ್ ಬ್ಯಾಂಕ್, ಔಷಧಿಗಳನ್ನು ಅಲ್ಲಿ ಇಡಲೇಬೇಡಿ. ಬಿಸಿಲಿಗೆ ಮುಚ್ಚಿದ ಬಾಕ್ಸ್ ಒಳಗೆ ಕಾದ ಗೂಡಾಗುತ್ತದೆ. ಟೈರ್‌ಗಳಲ್ಲಿ ಪೂರ್ಣ ಭಾರಕ್ಕೆ ಹೇಳಿದಷ್ಟು ಗಾಳಿ ಇರಲಿ.

ಘಾಟಿಯಲ್ಲಿ ಏಕೆ ಹೆಚ್ಚು ಎಚ್ಚರ?

ಭಾರ ಮೇಲಕ್ಕೆ ಹೋದಂತೆ ಗುರುತ್ವ ಕೇಂದ್ರವೂ ಮೇಲಕ್ಕೆ ಹೋಗುತ್ತದೆ. 1,300 ಕೆ.ಜಿ. ತೂಗುವ ಕಾರಿನ ಗುರುತ್ವ ಕೇಂದ್ರ ನೆಲದಿಂದ 65 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳಿ. 175 ಸೆಂ.ಮೀ. ಎತ್ತರದಲ್ಲಿ 60 ಕೆ.ಜಿ. ಹೇರಿದರೆ ಆ ಕೇಂದ್ರ ಸುಮಾರು 5 ಸೆಂ.ಮೀ. ಮೇಲೇರುತ್ತದೆ. ಕೇಳಲು ಅಲ್ಪ. ಆದರೆ ಶಿರಾಡಿ, ಚಾರ್ಮಾಡಿಯ ತಿರುವುಗಳಲ್ಲಿ ಕಾರು ಎಂದಿಗಿಂತ ಹೆಚ್ಚು ವಾಲುವುದು ಇದರಿಂದಲೇ. ಬಾಕ್ಸಿಗೆ ಪಕ್ಕದ ಗಾಳಿ ಬಡಿದಾಗಲೂ ಕಾರು ಓಲಾಡುತ್ತದೆ.

ಮೈಲೇಜ್ ಬಗ್ಗೆಯೂ ಒಂದು ಮಾತು. ‘ಖಾಲಿ ಬಾಕ್ಸ್ ಇದ್ದರೆ ಏನೂ ನಷ್ಟವಿಲ್ಲ’ ಎಂಬುದು ತಪ್ಪು. ಇಲ್ಲಿ ತೂಕಕ್ಕಿಂತ ಗಾಳಿಯ ತಡೆಯೇ ದೊಡ್ಡದು, ಅದು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 80 ಕಿ.ಮೀ.ಯಿಂದ 100ಕ್ಕೆ ಏರಿದರೆ ತಡೆ ಒಂದೂವರೆ ಪಟ್ಟು ದಾಟುತ್ತದೆ. ಅಮೆರಿಕ ಸರ್ಕಾರದ ಇಂಧನ ಮಾಹಿತಿಯ ಪ್ರಕಾರ, ದೊಡ್ಡ ಮೊಂಡು ಆಕಾರದ ಬಾಕ್ಸಿನಿಂದ ಮೈಲೇಜ್ ನಗರದಲ್ಲಿ ಶೇ 2ರಿಂದ 8ರಷ್ಟು, ಹೆದ್ದಾರಿಯಲ್ಲಿ ಶೇ 6ರಿಂದ 17ರಷ್ಟು, ಗಂಟೆಗೆ 105ರಿಂದ 120 ಕಿ.ಮೀ. ವೇಗದಲ್ಲಿ ಶೇ 10ರಿಂದ 25ರಷ್ಟು ಕುಸಿಯಬಹುದು. ಪ್ರವಾಸ ಮುಗಿದ ಕೂಡಲೇ ಬಾಕ್ಸ್ ಇಳಿಸಿಬಿಡಿ.

ಎತ್ತರವನ್ನೂ ಮರೆಯಬೇಡಿ. 165 ಸೆಂ.ಮೀ. ಎತ್ತರದ ಕಾರಿಗೆ ಅಡ್ಡಪಟ್ಟಿ, ಬಾಕ್ಸ್ ಸೇರಿದರೆ 2.1 ಮೀಟರ್ ದಾಟಬಹುದು. ಹೊಸ ಎತ್ತರವನ್ನು ಅಳೆದು ಸ್ಟೀರಿಂಗ್ ಹತ್ತಿರ ಚೀಟಿ ಅಂಟಿಸಿ. ಮಾಲ್ ನೆಲಮಾಳಿಗೆಯ ಬಾಯಲ್ಲಿ ತೂಗುಬಿಟ್ಟ ಎತ್ತರದ ಪಟ್ಟಿ ಕಂಡಾಗ ಅದು ನೆನಪಿಸುತ್ತದೆ.

ಹಾಗಾದರೆ ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ವಾಹನದ ಮೂಲ ಸ್ವರೂಪವೇ ಬದಲಾಗುವಂತೆ ಅದರ ರಚನೆಯನ್ನು ಮಾರ್ಪಡಿಸುವುದನ್ನು ಈ ಸೆಕ್ಷನ್ ‘ಬದಲಾವಣೆ’ ಎನ್ನುತ್ತದೆ. ರೂಫ್ ಬಾಕ್ಸ್ ಎಂಬ ಹೆಸರು ಅದರಲ್ಲಿಲ್ಲ. ಬೇಕೆಂದಾಗ ಬಿಚ್ಚಿಡಬಹುದಾದ ಬಾಕ್ಸಿಗೂ, ಛಾವಣಿ ಕೊರೆದು ಬೆಸುಗೆ ಹಾಕಿದ ಕ್ಯಾರಿಯರ್‌ಗೂ ವ್ಯತ್ಯಾಸವಿದೆ. ಆದ್ದರಿಂದ ‘ಬಾಕ್ಸ್ ಕಂಡರೆ ದಂಡ’ ಎಂದು ಸಾರಾಸಗಟಾಗಿ ಹೇಳುವುದು ಸರಿಯಲ್ಲ.

ಹಾಗೆಂದು ಪೂರ್ತಿ ನಿಶ್ಚಿಂತೆಯೂ ಬೇಡ. ಸಾಮಾನು ಕಾರಿನ ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಚಾಚಿದ್ದರೆ ಅಥವಾ ಅನುಮತಿಸಿದ ಎತ್ತರ ಮೀರಿದ್ದರೆ, 2019ರ ತಿದ್ದುಪಡಿಯ ಬಳಿಕ 194ನೇ ಸೆಕ್ಷನ್ ಅಡಿ ದಂಡ ₹20,000. ಟ್ಯಾಕ್ಸಿ ನಡೆಸುವವರು ಮತ್ತು ಹೊರರಾಜ್ಯಕ್ಕೆ ಹೋಗುವವರು ಆರ್‌ಟಿಒದಲ್ಲಿ ಮೊದಲೇ ವಿಚಾರಿಸುವುದು ಕ್ಷೇಮ. ಬಾಕ್ಸ್ ಹಾಕಿದ ಮಾತ್ರಕ್ಕೆ ವಿಮೆ ತಾನಾಗಿ ರದ್ದಾಗುವುದಿಲ್ಲ. ಆದರೆ ತಿಳಿಸದೆ ಮಾಡಿಸಿದ ಮಾರ್ಪಾಡು, ಮಿತಿ ಮೀರಿದ ಭಾರವನ್ನು ಮುಂದಿಟ್ಟು ವಿಮಾ ಕಂಪನಿ ಕ್ಲೇಮಿಗೆ ತಕರಾರು ತೆಗೆಯಬಹುದು. ಕಂಪನಿಗೆ ಮೊದಲೇ ತಿಳಿಸಿಬಿಡಿ.

ಒಟ್ಟಿನಲ್ಲಿ

ರೂಫ್ ಬಾಕ್ಸ್ ಕೆಟ್ಟದ್ದಲ್ಲ. ಸರಿಯಾಗಿ ಬಳಸಿದರೆ ಹಿಂದಿನ ಸೀಟಿನವರ ತೊಡೆಯ ಮೇಲಿನ ಬ್ಯಾಗುಗಳು ಕೆಳಗಿಳಿಯುತ್ತವೆ, ಹಿಂಬದಿಯ ಗಾಜು ಮುಚ್ಚುವಂತೆ ಸಾಮಾನು ಒಟ್ಟುವ ಅಪಾಯವೂ ತಪ್ಪುತ್ತದೆ. ಕೊಳ್ಳುವ ಮುನ್ನ ಮೂರು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ: ಮ್ಯಾನ್ಯುಯಲ್ ಹೇಳುವ ಛಾವಣಿ ಮಿತಿ, ಬಾಕ್ಸ್ ಮತ್ತು ಪಟ್ಟಿಗಳ ಒಟ್ಟು ತೂಕ, ಇವೆರಡರ ನಡುವಿನ ವ್ಯತ್ಯಾಸ. ಆ ವ್ಯತ್ಯಾಸ 20 ಕೆ.ಜಿ.ಗಿಂತ ಕಡಿಮೆ ಬಂದರೆ ಬಾಕ್ಸಿಗೆ ದುಡ್ಡು ಸುರಿಯುವ ಬದಲು ಒಂದು ಸೂಟ್‌ಕೇಸನ್ನು ಮನೆಯಲ್ಲೇ ಬಿಡಿ. ಮುಂದಿನ ಸಲ ಛಾವಣಿಯ ಮೇಲೆ ಜನ ನಿಂತ ವಿಡಿಯೊ ನಿಮ್ಮ ಗುಂಪಿಗೆ ಬಂದರೆ, ಅದನ್ನು ಮುಂದಕ್ಕೆ ಕಳಿಸುವ ಮೊದಲು ಒಂದು ಪ್ರಶ್ನೆ ಹಾಕಿ: ‘ಈ ಕಾರು ಓಡುತ್ತಿದೆಯೇ, ನಿಂತಿದೆಯೇ?’